ಮರದ ಕೆಲಸ ಬೆಳೆಸಲು ಯಾವ ಯಂತ್ರ ಮೊದಲು, ಯಾವುದು ಆಮೇಲೆ

ಮರ ಸವರುವ, ಮರ ಇಳಿಸುವ ಕೆಲಸ ಹಿಡಿದವರು ಸಾಮಾನ್ಯವಾಗಿ ಒಂದು ಚೈನ್‌ಸಾ (ಚೈನ್ ಓಡುವ ಯಂತ್ರ ಗರಗಸ), ಒಂದಿಷ್ಟು ಹಗ್ಗ, ಒಂದು ಗಾಡಿ, ಇಬ್ಬರೋ ಮೂವರೋ ಜನ, ಇಷ್ಟರಲ್ಲೇ ಶುರು ಮಾಡುತ್ತಾರೆ. ಕೆಲಸ ಚೊಕ್ಕವಾಗಿದ್ದರೆ ಸುದ್ದಿ ಬಾಯಿಂದ ಬಾಯಿಗೆ ಹರಡುತ್ತದೆ. ಸ್ವಲ್ಪ ಕಾಲ ಕಳೆದರೆ ಕರೆ ಜಾಸ್ತಿ, ಕೈ ಕಡಿಮೆ ಅನ್ನುವ ಹಂತ ಬರುತ್ತದೆ. ಕೈಯಲ್ಲಿ ಒಂದಿಷ್ಟು ದುಡ್ಡೂ ಕೂಡಿರುತ್ತದೆ. ಮುಂದೇನು ಕೊಳ್ಳೋಣ ಅನ್ನುವ ಯೋಚನೆ ಹುಟ್ಟುವುದು ಆಗಲೇ.

ಹೆಚ್ಚಿನವರ ಕಣ್ಣು ಮೊದಲು ದೊಡ್ಡ ಗರಗಸದ ಮೇಲೆ ಬೀಳುತ್ತದೆ. ಆದರೆ ಸಣ್ಣ ತಂಡದ ದಿನ ಕರಗುವುದು ಮರದ ಕೆಳಗೆ. ಮೇಲೆ ಕೊಯ್ಯುವುದು ಬೇಗ ಮುಗಿಯುತ್ತದೆ. ಕೊಯ್ದದ್ದನ್ನು ಎಳೆದು, ತುಂಡರಿಸಿ, ಗಾಡಿಗೆ ತುಂಬಿ, ಸಾಗಿಸಿ, ಜಾಗ ಗುಡಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಹಾಗಾಗಿ ನಿಮ್ಮ ಕೆಲಸ ಎಲ್ಲಿ ಕಟ್ಟಿಕೊಳ್ಳುತ್ತಿದೆಯೋ ಆ ಜಾಗಕ್ಕೆ ಮೊದಲು ಯಂತ್ರ ತನ್ನಿ. ಇಡೀ ಲೇಖನ ಈ ಒಂದು ಮಾತಿನ ಸುತ್ತ ಇದೆ.

ಹೆಜ್ಜೆ 1: ಒಂದು ತಿಂಗಳು ಗಂಟೆ ಬರೆದಿಡಿ

ಒಂದು ಪುಸ್ತಕ ಗಾಡಿಯಲ್ಲೇ ಇರಲಿ. ದಿನಾ ಸಂಜೆ ಎರಡು ನಿಮಿಷ ಸಾಕು. ಮರದ ಮೇಲೆ ಎಷ್ಟು ಹೊತ್ತು ಹೋಯಿತು, ಸೊಪ್ಪು-ಕೊಂಬೆ ಎಳೆಯಲು ಎಷ್ಟು, ಗಾಡಿ ತುಂಬಲು ಎಷ್ಟು, ಸಾಗಿಸಲು ಎಷ್ಟು, ಕೆಟ್ಟುನಿಂತ ಯಂತ್ರದ ಮುಂದೆ ಕೂತದ್ದು ಎಷ್ಟು ಅಂತ ಬರೆಯಿರಿ. ಕೊನೆಗೆ ಇನ್ನೊಂದು ಸಾಲು: ಯಾವ ಕೆಲಸವನ್ನು ಬೇಡ ಅಂದಿರಿ, ಯಾಕೆ ಬೇಡ ಅಂದಿರಿ.

ತಿಂಗಳ ಕೊನೆಯಲ್ಲಿ ಈ ಪುಸ್ತಕ ಅಂಗಡಿಯವರಿಗಿಂತ ಚೆನ್ನಾಗಿ ಸಲಹೆ ಕೊಡುತ್ತದೆ. ಗಾಡಿ ತುಂಬುವುದಕ್ಕೇ ಅರ್ಧ ದಿನ ಹೋಗುತ್ತಿದ್ದರೆ ನಿಮಗೆ ಬೇಕಾದದ್ದು ಚಿಪ್ಪರ್, ಅಂದರೆ ಕೊಂಬೆ-ಸೊಪ್ಪನ್ನು ಚಕ್ಕೆ ಮಾಡುವ ಯಂತ್ರ. ದಿಮ್ಮಿ ಹೊತ್ತು ಸೊಂಟ ಹೋಗುತ್ತಿದ್ದರೆ ಟ್ರಾಲಿ ಅಥವಾ ಸಣ್ಣ ಲೋಡರ್. ಗರಗಸ ಕೆಟ್ಟು ಕೆಲಸ ನಿಲ್ಲುತ್ತಿದ್ದರೆ ಇನ್ನೊಂದು ಗರಗಸ, ಅದೂ ಈಗಿರುವಂಥದ್ದೇ. ಒಣಗಿದ ಮರಗಳ ಕೆಲಸವನ್ನೇ ಮತ್ತೆ ಮತ್ತೆ ಬಿಡುತ್ತಿದ್ದರೆ ಲಿಫ್ಟ್, ಅಂದರೆ ಕೊಯ್ಯುವವರನ್ನು ಮೇಲಕ್ಕೆತ್ತುವ ಯಂತ್ರದ ಬಗ್ಗೆ ಯೋಚಿಸಬೇಕು. ಊಹೆಯ ಮೇಲೆ ಕೊಂಡ ಯಂತ್ರ ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದರೂ ಅದರ ಕಂತು ನಿಲ್ಲುವುದಿಲ್ಲ.

ಹೆಜ್ಜೆ 2: ಮೈ ಕಾಯುವ ಸಾಮಾನು

ಇದನ್ನು ಮುಂದೂಡಬೇಡಿ. ಹೊಸ ಯಂತ್ರಕ್ಕೆ ದುಡ್ಡು ಎತ್ತಿಡುವ ಮೊದಲು ತಂಡದ ಪ್ರತಿಯೊಬ್ಬರಿಗೂ ಹೆಲ್ಮೆಟ್, ಕಣ್ಣಿಗೆ ಜಾಲರಿ ಅಥವಾ ಕನ್ನಡಕ, ಕಿವಿಗೆ ಮಫ್, ಗಟ್ಟಿ ಬೂಟು, ಚೈನ್‌ಸಾ ಪ್ಯಾಂಟ್ ಇರಬೇಕು. ಪೆಟ್ರೋಲ್ ಗರಗಸದ ಸದ್ದು ಹೆಚ್ಚಾಗಿ 100 ಡೆಸಿಬಲ್ ದಾಟುತ್ತದೆ. 85 ಡೆಸಿಬಲ್‌ನಲ್ಲಿ ದಿನವಿಡೀ ಇದ್ದರೇ ಕಿವಿ ಕೆಡುತ್ತದೆ, ಹಾಗಿರುವಾಗ ಇದು ಎಷ್ಟು ಕೆಡಿಸಬಹುದು ನೋಡಿ.

ಚೈನ್‌ಸಾ ಪ್ಯಾಂಟಿನ ಒಳಗೆ ಉದ್ದುದ್ದ ನಾರಿನ ಪದರಗಳಿರುತ್ತವೆ. ಚೈನ್ ತಾಗಿದ ಕೂಡಲೇ ಆ ನಾರು ಹೊರಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಗರಗಸವನ್ನು ನಿಲ್ಲಿಸುತ್ತದೆ. ಯುರೋಪಿನ ಮಾನದಂಡದಲ್ಲಿ ಕ್ಲಾಸ್ 1 ಅಂದರೆ ಸೆಕೆಂಡಿಗೆ 20 ಮೀಟರ್ ಓಡುವ ಚೈನಿಗೆ ಪರೀಕ್ಷೆ ಮಾಡಿದ್ದು, ಕ್ಲಾಸ್ 2 ಅಂದರೆ 24 ಮೀಟರ್. ನೆಲದ ಮೇಲೆ ನಿಂತು ಕೊಯ್ಯುವವರಿಗೆ ಮುಂಭಾಗ ಮಾತ್ರ ಕಾಯುವ ಟೈಪ್ ಎ ಸಾಕಾಗುತ್ತದೆ. ಮರದ ಮೇಲೆ ಕಾಲು ಯಾವ ಕಡೆ ತಿರುಗುತ್ತದೋ ಹೇಳಲಾಗದು, ಆದ್ದರಿಂದ ಹತ್ತುವವರಿಗೆ ಸುತ್ತಲೂ ಪದರವಿರುವ ಟೈಪ್ ಸಿ ಬೇಕು. ಒಂದು ಸಲ ಚೈನ್ ಕಚ್ಚಿದ ಪ್ಯಾಂಟನ್ನು ಹೊಲಿದು ಮತ್ತೆ ಹಾಕಬಾರದು.

ಹತ್ತುವ ಹಗ್ಗ, ಹಾರ್ನೆಸ್ (ಸೊಂಟಕ್ಕೆ, ತೊಡೆಗೆ ಕಟ್ಟುವ ಪಟ್ಟಿ), ಕ್ಯಾರಬೀನರ್ (ಹಗ್ಗ ಸೇರಿಸುವ ಲೋಹದ ಕೊಂಡಿ) ಇವನ್ನು ಹೊಸದೇ ಕೊಳ್ಳಿ. ಬೇರೆಯವರು ಬಳಸಿದ ಹಗ್ಗದ ಒಳಗೆ ಏನಾಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಹತ್ತುವ ಹಗ್ಗ ಸಾಮಾನ್ಯವಾಗಿ 11ರಿಂದ 13 ಮಿ.ಮೀ. ದಪ್ಪ ಇರುತ್ತದೆ. ಕ್ಯಾರಬೀನರ್ ತಾನಾಗಿಯೇ ಮುಚ್ಚಿ ಬೀಗ ಹಾಕಿಕೊಳ್ಳುವಂಥದ್ದಾಗಿರಲಿ, ತೆರೆಯಲು ಮೂರು ಬೇರೆ ಬೇರೆ ಚಲನೆ ಬೇಕಾಗುವಂಥದ್ದು. ಮೇಲೆ ಗರಗಸ ಚಾಲೂ ಮಾಡುವಾಗ ಮೈ ಎರಡು ಕಡೆ ಕಟ್ಟಿರಬೇಕು: ಒಂದು ಮುಖ್ಯ ಹಗ್ಗ, ಇನ್ನೊಂದು ಒಳಗೆ ಉಕ್ಕಿನ ತಂತಿ ಇರುವ ಲ್ಯಾನ್‌ಯಾರ್ಡ್, ಅಂದರೆ ಕಾಂಡಕ್ಕೆ ಸುತ್ತಿ ಹಾರ್ನೆಸ್‌ಗೆ ಸಿಕ್ಕಿಸುವ ಗಿಡ್ಡ ಹಗ್ಗ. ಚೈನ್ ತಪ್ಪಿ ಒಂದು ಕಡೆ ತಾಗಿದರೂ ಇನ್ನೊಂದು ಹಿಡಿದಿರುತ್ತದೆ.

ಇನ್ನೂ ಒಂದು ಸಾಮಾನು ಜನ ಮರೆಯುತ್ತಾರೆ. ಮೇಲಿರುವವರಿಗೆ ಏಟಾದರೆ ಕೆಳಗಿಳಿಸಲು ಇನ್ನೊಂದು ಪೂರ್ತಿ ಸೆಟ್ ಹತ್ತುವ ಸಾಮಾನು, ಅದನ್ನು ಬಳಸಲು ಬಲ್ಲ ಇನ್ನೊಬ್ಬರು, ರಕ್ತ ನಿಲ್ಲಿಸುವ ಬ್ಯಾಂಡೇಜ್. ಇವು ಮೂರೂ ಇಲ್ಲದ ದಿನ ಮರ ಹತ್ತಬಾರದು.

ಹೆಜ್ಜೆ 3: ಗರಗಸಗಳ ಜೋಡಿ

ಸಣ್ಣ ತಂಡಕ್ಕೆ ಮೂರು ಗರಗಸ ಸಾಕು. ಮರದ ಮೇಲಕ್ಕೆ ಒಂದು ಹಗುರವಾದ ಟಾಪ್ ಹ್ಯಾಂಡಲ್ (ಹಿಡಿಕೆ ಮೇಲ್ಗಡೆ ಇರುವ) ಗರಗಸ, 25ರಿಂದ 35 ಸೆಂ.ಮೀ. ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ). ನೆಲದ ಮೇಲೆ ದಿನವಿಡೀ ಓಡಲು 50 ಸಿ.ಸಿ. ಆಸುಪಾಸಿನದು, 40ರಿಂದ 45 ಸೆಂ.ಮೀ. ಬಾರ್. ಬುಡ ಕೊಯ್ಯಲು 70 ಸಿ.ಸಿ. ಮೇಲಿನದು. ಈ ಮೂರನೆಯದು ಅಪರೂಪಕ್ಕೆ ಬೇಕಾಗುತ್ತದೆ ಅಂದರೆ ಸದ್ಯಕ್ಕೆ ಬಾಡಿಗೆಗೆ ತನ್ನಿ, ಆ ದುಡ್ಡಿನಲ್ಲಿ ಎರಡನೆಯದಕ್ಕೆ ಜೊತೆ ಕೊಳ್ಳಿ. ದಿನವೂ ದುಡಿಯುವ ಗರಗಸಕ್ಕೆ ಜೊತೆ ಇರಲೇಬೇಕು. ಬಾರ್ ಕೊಯ್ತದಲ್ಲಿ ಸಿಕ್ಕಿಕೊಂಡಾಗ ಬಿಡಿಸಲು ಬೇಕಾಗುವುದೂ ಇನ್ನೊಂದು ಗರಗಸವೇ ಅಲ್ವಾ?

ಟಾಪ್ ಹ್ಯಾಂಡಲ್ ಗರಗಸ ಮರದ ಮೇಲಿನ ಕೆಲಸಕ್ಕೆಂದೇ ಮಾಡಿದ್ದು. ಹಗುರ ಅಂತ ಅದನ್ನು ನೆಲದ ಮೇಲೆ ಒಂದೇ ಕೈಯಲ್ಲಿ ಬೀಸುವ ಅಭ್ಯಾಸ ಯಾರಿಗಾದರೂ ಇದ್ದರೆ ಮೊದಲ ದಿನವೇ ಬಿಡಿಸಿ. ಎರಡೂ ಕೈಗಳ ಹಿಡಿತ ಹತ್ತಿರ ಹತ್ತಿರ ಇರುವುದರಿಂದ ಬಾರ್ ಹಿಂದಕ್ಕೆ ಒದ್ದಾಗ ತಡೆಯುವುದು ಕಷ್ಟ.

ಪೆಟ್ರೋಲೋ ಬ್ಯಾಟರಿಯೋ? ಮರದ ಮೇಲಕ್ಕೆ ನನ್ನ ಓಟು ಬ್ಯಾಟರಿಗೆ. ಮೇಲೆ ಕೊಯ್ತ ಬಿಟ್ಟುಬಿಟ್ಟು ನಡೆಯುತ್ತದೆ. ಪ್ರತಿ ಸಲ ದಾರ ಎಳೆಯುವ ಗೋಜಿಲ್ಲ, ಮುಖಕ್ಕೆ ಹೊಗೆಯಿಲ್ಲ, ಕೆಳಗಿನವರ ಜೊತೆ ಮಾತಾಡಬಹುದು. ನೆಲದ ಮೇಲೆ ಗಂಟೆಗಟ್ಟಲೆ ದಪ್ಪ ದಿಮ್ಮಿ ಕೊಯ್ಯಲು ಪೆಟ್ರೋಲೇ ಸುಲಭ. ಬ್ಯಾಟರಿ ಕೊಳ್ಳುವಾಗ ಒಂದು ದಿನದ ಕೆಲಸಕ್ಕೆ ಎಷ್ಟು ಬ್ಯಾಟರಿ ಬೇಕು, ಚಾರ್ಜ್ ಎಲ್ಲಿ ಮಾಡುತ್ತೀರಿ ಅನ್ನುವುದನ್ನು ಮೊದಲು ಲೆಕ್ಕ ಹಾಕಿ. ಗರಗಸ, ಕಸ ಊದುವ ಬ್ಲೋವರ್, ಕೋಲಿನ ತುದಿಯ ಪೋಲ್ ಸಾ ಎಲ್ಲಕ್ಕೂ ಒಂದೇ ಬ್ಯಾಟರಿ ಹೊಂದಿದರೆ ಖರ್ಚು ತುಂಬಾ ಇಳಿಯುತ್ತದೆ. ಬ್ಯಾಟರಿ ಗರಗಸ ಸದ್ದಿಲ್ಲದೆ ನಿಂತಿರುತ್ತದೆ, ಆದರೆ ಟ್ರಿಗರ್ ಮುಟ್ಟಿದರೆ ಓಡುತ್ತದೆ. ಸೊಂಟಕ್ಕೆ ತೂಗುಹಾಕುವ ಮೊದಲು ಬ್ರೇಕ್ ಹಾಕಿ ಆಫ್ ಮಾಡುವುದು ರೂಢಿಯಾಗಬೇಕು.

ಈಗ ಚೈನ್. ಗರಗಸದ ಪುಡಿಯನ್ನು ಅಂಗೈಗೆ ಹಾಕಿಕೊಂಡು ನೋಡಿ. ಹರಿತವಾದ ಚೈನ್ ಅಗಲ ಅಗಲ ಚಕ್ಕೆ ಉಗುಳುತ್ತದೆ, ತೂಕದಿಂದಲೇ ಮರದೊಳಗೆ ಇಳಿಯುತ್ತದೆ. ಮೊಂಡಾದದ್ದು ಹಿಟ್ಟಿನಂಥ ಪುಡಿ ಉದುರಿಸುತ್ತದೆ, ಕೊಯ್ತದಿಂದ ಹೊಗೆ ಬರುತ್ತದೆ, ಕೊಯ್ಯುವವರು ಗರಗಸದ ಮೇಲೆ ಮೈಭಾರ ಹಾಕತೊಡಗುತ್ತಾರೆ. ಆ ಹೊತ್ತಿಗೆ ನಿಲ್ಲಿಸಿ ಅರ ತೆಗೆಯಬೇಕು. ಸಣ್ಣ ಗರಗಸಗಳ ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ) ಚೈನಿಗೆ ಸಾಮಾನ್ಯವಾಗಿ 4 ಮಿ.ಮೀ. ದುಂಡು ಅರ, 0.325 ಇಂಚು ಪಿಚ್ (ಕೊಂಡಿಗಳ ನಡುವಿನ ಅಂತರ) ಇರುವ ಚೈನಿಗೆ 4.8 ಮಿ.ಮೀ. ಅರ. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗುಬ್ಬಿ ಇರುತ್ತದಲ್ಲ, ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ನಿರ್ಧರಿಸುವುದು ಅದೇ. ಹಲ್ಲು ಸವೆದ ಹಾಗೆ ಗುಬ್ಬಿಯನ್ನೂ ಇಳಿಸಬೇಕು, ಸುಮಾರು 0.65 ಮಿ.ಮೀ. ಅಂತರ ಉಳಿಯುವಂತೆ. ಹಲ್ಲು ಚೆನ್ನಾಗಿ ಮಸೆದರೂ ಗರಗಸ ಕಚ್ಚುತ್ತಿಲ್ಲ ಅಂದರೆ ತಪ್ಪು ಹೆಚ್ಚಾಗಿ ಇಲ್ಲೇ ಇರುತ್ತದೆ. ಹಾಗಂತ ಜಾಸ್ತಿ ಇಳಿಸಿದರೆ ಗರಗಸ ಒದೆಯುತ್ತದೆ.

ಈ ಬಾಗಿದ ಹಲ್ಲಿನ ಹಿಂದೆ ಒಂದು ಚಂದದ ಸಂಗತಿ ಇದೆ. 1946ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವರು ಬೊಡ್ಡೆಯೊಳಗಿನ ಒಂದು ಮರಹುಳವನ್ನು ಗಮನಿಸಿದರು. ಅದು ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಲ್ಲಿ ಕೊರೆಯುತ್ತಿತ್ತು. ಅದರ ಬಾಗಿದ ದವಡೆಯ ಆಕಾರವನ್ನೇ ಅವರು ಉಕ್ಕಿಗೆ ತಂದರು. ಇಂದಿನ ಚೈನಿನ ಹಲ್ಲು ಬಂದದ್ದು ಅಲ್ಲಿಂದ.

ಒಂದು ಚಿಕ್ಕ ಕಿವಿಮಾತು: ಹೊಸ ಗರಗಸ ಕೊಳ್ಳುವಾಗ ಈಗಿರುವುದಕ್ಕೆ ಹೊಂದುವ ಚೈನ್ ಪಿಚ್, ಅದೇ ಬಾರ್, ಅದೇ ಫಿಲ್ಟರ್ ಆಗುವಂಥದ್ದನ್ನು ಆರಿಸಿ. ಗಾಡಿಯಲ್ಲಿ ಇಡಬೇಕಾದ ಬಿಡಿಭಾಗ ಅರ್ಧಕ್ಕೆ ಇಳಿಯುತ್ತದೆ.

ಹೆಜ್ಜೆ 4: ಮರ ಉಳಿಸುವ ಉಪಕರಣ

ಕಡಿದ ಮರದ ಯಜಮಾನರು ಮತ್ತೆ ಕರೆಯುವುದು ಕಡಿಮೆ. ಚೆನ್ನಾಗಿ ಸವರಿಸಿಕೊಂಡವರು ಕೆಲವು ವರ್ಷಕ್ಕೊಮ್ಮೆ ಕರೆಯುತ್ತಲೇ ಇರುತ್ತಾರೆ. ಈ ಕೆಲಸಕ್ಕೆ ಬೇಕಾದದ್ದೂ ಅಗ್ಗ: ಒಳ್ಳೆಯ ಬಾಗು ಕೈಗರಗಸ, ಉದ್ದ ಕೋಲಿನ ಗರಗಸ, ಕತ್ತರಿ, ರೋಗದ ಮರದಿಂದ ಇನ್ನೊಂದಕ್ಕೆ ಹೋಗುವ ಮೊದಲು ಅಲಗು ಒರೆಸಲು ಶೇಕಡಾ 70ರ ಆಲ್ಕೋಹಾಲ್.

ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದವರು. ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ, ಮರ ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿಕೊಂಡು ಅದನ್ನು ಒಳಗೇ ಮುಚ್ಚಿಡುತ್ತದೆ ಅಂತ 1970ರ ದಶಕದಲ್ಲಿ ಅವರು ವಿವರಿಸಿದರು. ಹಾಗಾಗಿ ಕೊಂಬೆ ಕೊಯ್ಯುವಾಗ ಬುಡದ ಉಬ್ಬಿದ ಕೊರಳನ್ನು ಮುಟ್ಟದೆ ಅದರ ಹೊರಗೇ ಕೊಯ್ಯಬೇಕು. ಕೈಗರಗಸದಲ್ಲಿ ಈ ನಾಜೂಕು ಸಿಗುತ್ತದೆ. ಬೂಟಿಗೆ ಕಟ್ಟುವ ಮುಳ್ಳುಗಳನ್ನು ಇಳಿಸುವ ಮರಕ್ಕೆ ಮಾತ್ರ ಬಳಸಿ. ಬದುಕಬೇಕಾದ ಮರಕ್ಕೆ ಆ ಒಂದೊಂದು ಚುಚ್ಚೂ ಒಂದು ಗಾಯ.

ಹೆಜ್ಜೆ 5: ಇಳಿಸುವ ಹಗ್ಗ, ಕಪ್ಪಿ

ಮನೆ, ತಂತಿ, ಗೋಡೆ ಪಕ್ಕದ ಮರದ ಕೆಲಸ ಹಿಡಿಯಬೇಕಾದರೆ ತುಂಡುಗಳನ್ನು ಹಗ್ಗದಲ್ಲಿ ಇಳಿಸಲು ಬರಬೇಕು. ಇಲ್ಲಿ ಕೊಳ್ಳುವ ಮೊದಲು ತೂಕ ಗೊತ್ತಿರಬೇಕು. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ಭಾರ ಅಂತ ಹಿಡಿಯಿರಿ, ಅಂದರೆ ಒಂದು ಘನ ಮೀಟರ್‌ಗೆ 1,000 ಕೆ.ಜಿ. ಕೆಲವು ಜಾತಿ ಇದಕ್ಕಿಂತ ಹಗುರ, ಕೆಲವು ಇನ್ನೂ ಭಾರ. ಈ ಲೆಕ್ಕದಲ್ಲಿ 20 ಸೆಂ.ಮೀ. ದಪ್ಪದ ಒಂದು ಮೀಟರ್ ತುಂಡು ಸುಮಾರು 30 ಕೆ.ಜಿ. ಅದೇ ಉದ್ದದ 40 ಸೆಂ.ಮೀ. ತುಂಡು ಸುಮಾರು 125 ಕೆ.ಜಿ. ದಪ್ಪ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟು. ಕಣ್ಣಿಗೆ ಇಷ್ಟು ವ್ಯತ್ಯಾಸ ಕಾಣುವುದಿಲ್ಲ, ಅಪಾಯ ಇರುವುದು ಅಲ್ಲೇ.

ಇನ್ನು ಕಪ್ಪಿ. ಹಗ್ಗ ಕಪ್ಪಿಯ ಮೇಲೆ ಹಾದು ಎರಡೂ ಕಡೆ ಕೆಳಕ್ಕೆ ಜಗ್ಗುತ್ತದೆ. 125 ಕೆ.ಜಿ. ತುಂಡು ಸುಮ್ಮನೆ ತೂಗುತ್ತಿದ್ದರೂ ಕಪ್ಪಿ, ಅದನ್ನು ಕಟ್ಟಿದ ಪಟ್ಟಿ, ಕಟ್ಟಿಸಿಕೊಂಡ ಕೊಂಬೆ ಮೂರೂ ಹೆಚ್ಚುಕಡಿಮೆ 250 ಕೆ.ಜಿ. ಹೊರುತ್ತವೆ. ತುಂಡು ಬಿದ್ದು ಹಗ್ಗ ಜಗ್ಗಿ ನಿಂತರೆ ಆ ಏಟು ಇದರ ಎಷ್ಟೋ ಪಟ್ಟು ಆಗಬಹುದು. ಆದ್ದರಿಂದ ಪ್ರತಿ ಸಾಮಾನಿನ ಮೇಲೆ ಬರೆದಿರುವ ಕೆಲಸದ ಮಿತಿಯನ್ನು ನೋಡಿ. ತುಂಡಾಗುವ ಮಿತಿ ಬೇರೆ, ಕೆಲಸದ ಮಿತಿ ಬೇರೆ, ಇವೆರಡನ್ನು ಕಲೆಸಬೇಡಿ. ಕಪ್ಪಿ ಮತ್ತು ಪಟ್ಟಿ ಹಗ್ಗಕ್ಕಿಂತ ಗಟ್ಟಿಯಿರಲಿ. ಬುಡಕ್ಕೆ ಕಟ್ಟುವ ಉಕ್ಕಿನ ಕೊಳವೆಯಂಥ ಬ್ರೇಕ್ ಇದ್ದರೆ, ಹಗ್ಗ ಅದಕ್ಕೆ ಕೆಲವು ಸುತ್ತು ಹಾಕಿ ಒಬ್ಬರೇ ಭಾರವನ್ನು ನಿಧಾನಕ್ಕೆ ಬಿಡಬಹುದು. ಸಣ್ಣ ತಂಡಕ್ಕೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಾಮಾನು.

ಮೈ ಹೊರುವ ಹಗ್ಗವನ್ನು ಮರ ಇಳಿಸಲು ಬಳಸಬಾರದು, ಮರ ಇಳಿಸಿದ ಹಗ್ಗದಲ್ಲಿ ಮರ ಹತ್ತಬಾರದು. ಬಣ್ಣ ಬೇರೆ ಬೇರೆ ಇದ್ದರೆ, ಚೀಲವೂ ಬೇರೆ ಇದ್ದರೆ ಗೊಂದಲವೇ ಇರುವುದಿಲ್ಲ.

ಹೆಜ್ಜೆ 6: ಚಿಪ್ಪರ್

ಕೆಲಸ ನಿಜವಾಗಿ ಬೆಳೆಯುವುದು ಹೆಚ್ಚಾಗಿ ಇಲ್ಲಿಂದ. ಕೊಂಬೆ-ಸೊಪ್ಪಿನ ರಾಶಿಯಲ್ಲಿ ಬಹುಪಾಲು ಬರೀ ಗಾಳಿ. ಗಾಡಿ ತುಂಬಿದ ಹಾಗೆ ಕಾಣುತ್ತದೆ, ತೂಕ ಏನೂ ಇರುವುದಿಲ್ಲ. ಅದನ್ನೇ ಚಕ್ಕೆ ಮಾಡಿದರೆ ಹಲವು ಟ್ರಿಪ್ಪಿನ ಸೊಪ್ಪು ಒಂದೇ ಟ್ರಿಪ್ಪಿಗೆ ಬರುತ್ತದೆ. ಚಕ್ಕೆಯನ್ನು ತೋಟದ ಮುಚ್ಚಿಗೆಗೆ ಕೇಳಿ ಪಡೆಯುವವರೂ ಇರುತ್ತಾರೆ, ಎಸೆಯುವ ಖರ್ಚು ಉಳಿಯುತ್ತದೆ.

ಅಳತೆ ಆರಿಸುವಾಗ ಬುಡದ ದಪ್ಪ ನೋಡಬೇಡಿ. ದಪ್ಪ ಕಾಂಡ ದಿಮ್ಮಿಯಾಗಿಯೇ ಹೋಗಲಿ, ಸೌದೆಗೋ ಹಲಗೆಗೋ ಬೆಲೆ ಬರುವುದು ಅದಕ್ಕೆ. ಚಿಪ್ಪರ್ ತಿನ್ನಬೇಕಾದದ್ದು ಕೊಂಬೆ. ಸಣ್ಣ ತಂಡಕ್ಕೆ 15 ಸೆಂ.ಮೀ. ತಿನ್ನುವ, ರೋಲರ್ ಎಳೆದುಕೊಳ್ಳುವ ಯಂತ್ರ ಹೆಚ್ಚಿನ ಕೆಲಸ ಮುಗಿಸುತ್ತದೆ. ಕೈಯಿಂದ ತಳ್ಳಬೇಕಾದ ತೋಟದ ಪುಟ್ಟ ಯಂತ್ರ ದಿನಗಟ್ಟಲೆಯ ಕೆಲಸಕ್ಕೆ ಆಗದು.

ಬಾಯಿಯ ಅಗಲ ನೋಡಿ. ಕಾಗದದಲ್ಲಿ 15 ಸೆಂ.ಮೀ. ಅಂತಲೇ ಇರುವ ಎರಡು ಯಂತ್ರಗಳಲ್ಲಿ ಒಂದರ ಬಾಯಿ ಕಿರಿದಾಗಿದ್ದರೆ ಕವಲೊಡೆದ ಪ್ರತಿ ಕೊಂಬೆಯನ್ನೂ ಕೊಯ್ದು ನೇರ ಮಾಡಿ ಕೊಡಬೇಕಾಗುತ್ತದೆ. ಉಳಿಸಿದ ಸಮಯವೆಲ್ಲ ಅಲ್ಲೇ ಹೋಗುತ್ತದೆ. ಕೊಳ್ಳುವ ಮೊದಲು ನಿಮ್ಮದೇ ಕೆಲಸದ ಒಂದು ಕವಲುಕವಲಾದ ಹಸಿ ಕೊಂಬೆ ಕೊಟ್ಟು ನೋಡಿ. ಎಂಜಿನ್ ಸೋತಾಗ ರೋಲರ್ ತಾನಾಗಿ ನಿಂತು, ಎಂಜಿನ್ ಸುಧಾರಿಸಿಕೊಂಡ ಮೇಲೆ ಮತ್ತೆ ಎಳೆಯಬೇಕು. ತಟ್ಟೆಯಂಥ ಚಕ್ರಕ್ಕೆ ಅಲಗು ಕೂರಿಸಿದ ಯಂತ್ರ ಸರಳ, ಚಕ್ಕೆಯೂ ಒಂದೇ ಸಮ. ಉರುಳೆಗೆ ಅಲಗು ಕೂರಿಸಿದ್ದು ಗುಬುರು ಗುಬುರಾದ ಸೊಪ್ಪನ್ನು ಚೆನ್ನಾಗಿ ನುಂಗುತ್ತದೆ.

ನಿಮ್ಮ ಗಾಡಿ ಅದನ್ನು ಎಳೆಯಬಲ್ಲದೇ, ನಿಮ್ಮ ಲೈಸೆನ್ಸ್ ಅಷ್ಟು ತೂಕದ ಟ್ರೇಲರ್‌ಗೆ ಸಾಲುತ್ತದೆಯೇ ಅನ್ನುವುದನ್ನು ಮುಂಗಡ ಕೊಡುವ ಮೊದಲೇ ಕೇಳಿ.

ಚಿಪ್ಪರ್ ಮುಂದೆ ನಿಲ್ಲುವವರಿಗೆ ಸಡಿಲ ಬಟ್ಟೆ, ಅಗಲ ಮುಂಗೈಯ ಗ್ಲೌಸ್, ಮೈಗೆ ಸುತ್ತಿದ ಹಗ್ಗ ಯಾವುದೂ ಇರಬಾರದು. ಪಕ್ಕದಲ್ಲಿ ನಿಂತು, ಕೊಂಬೆಯ ದಪ್ಪ ತುದಿ ಮೊದಲು ಕೊಟ್ಟು, ಕೈ ಬಿಡಬೇಕು. ಸಣ್ಣ ಕಡ್ಡಿಗಳನ್ನು ಕಾಲಿನಿಂದ ತಳ್ಳುವವರನ್ನು ಆ ಜಾಗದಿಂದ ಕೂಡಲೇ ಎಬ್ಬಿಸಿ. ನಿಲ್ಲಿಸುವ ಅಡ್ಡಪಟ್ಟಿ ಕೆಲಸ ಮಾಡುತ್ತಿದೆಯೇ ಅಂತ ಪ್ರತಿ ಬೆಳಿಗ್ಗೆ ಒತ್ತಿ ನೋಡಬೇಕು.

ಹೆಜ್ಜೆ 7: ಬಾಡಿಗೆಯೋ ಸ್ವಂತವೋ

ಲೆಕ್ಕ ಹೀಗೆ ಹಾಕಿ. ಉದಾಹರಣೆಗೆ ಯಂತ್ರದ ಬೆಲೆ ಅದರ 100 ದಿನದ ಬಾಡಿಗೆಯಷ್ಟು ಅಂದುಕೊಳ್ಳಿ. 5 ವರ್ಷ ಬಳಸಿ ಮಾರಿದರೆ 40 ದಿನದ ಬಾಡಿಗೆಯಷ್ಟು ವಾಪಸ್ ಬರುತ್ತದೆ. ಸವಕಳಿ 60, ಅಂದರೆ ವರ್ಷಕ್ಕೆ 12. ಬಡ್ಡಿ, ವಿಮೆಗೆ ವರ್ಷಕ್ಕೆ 6. ಸರ್ವಿಸ್, ಅಲಗು, ರಿಪೇರಿಗೆ 7. ಒಟ್ಟು 25. ವರ್ಷಕ್ಕೆ 25 ದಿನಕ್ಕಿಂತ ಹೆಚ್ಚು ಬಳಸಿದರೆ ಸ್ವಂತದ್ದು ಲಾಭ, ಕಡಿಮೆಯಾದರೆ ಬಾಡಿಗೆಯೇ ಲೇಸು. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಬಾಡಿಗೆ ಯಂತ್ರ ತರಲು, ವಾಪಸ್ ಬಿಡಲು ಹೋಗುವ ಗಂಟೆಗಳನ್ನೂ ಬಾಡಿಗೆಗೇ ಸೇರಿಸಿ.

ಬಾಡಿಗೆಗೆ ಇನ್ನೊಂದು ಲಾಭ ಇದೆ. ಬೇರೆ ಬೇರೆ ಮಾದರಿ ಬಳಸಿ ನೋಡಿದ ಮೇಲೆ ಯಾವುದು ನಿಮ್ಮ ಕೈಗೆ ಹೊಂದುತ್ತದೆ ಅಂತ ಗೊತ್ತಾಗುತ್ತದೆ.

ಬೊಡ್ಡೆ ಅರೆಯುವ ಯಂತ್ರವನ್ನು ಹೆಚ್ಚಿನವರು ಬಾಡಿಗೆಗೇ ತರುವುದು ಒಳ್ಳೆಯದು. ನೆಲದಡಿ ವಿದ್ಯುತ್, ಗ್ಯಾಸ್, ನೀರಿನ ಪೈಪ್ ಎಲ್ಲಿದೆ ಅಂತ ತಿಳಿಯದೆ ಅದನ್ನು ಚಾಲೂ ಮಾಡಬಾರದು. ಸಣ್ಣ ಲೋಡರ್ ಬೆನ್ನು ಉಳಿಸುತ್ತದೆ, ನಿಜ. ಆದರೆ ಅದಕ್ಕೆ ಮೊದಲು ಎರಡು ಚಕ್ರದ ದಿಮ್ಮಿ ಟ್ರಾಲಿ, ದಿಮ್ಮಿ ಉರುಳಿಸುವ ಕೊಕ್ಕೆಕೋಲು ಇವನ್ನು ಬಳಸಿ ನೋಡಿ. ಲೋಡರ್ ಕೊಂಡರೆ ಹುಲ್ಲುಹಾಸು ಕೆಡದಂತೆ ಹಾಸುವ ಹಲಗೆಗಳನ್ನೂ ಜೊತೆಗೇ ಕೊಳ್ಳಿ. ಕಿರಿದಾದ ಗೇಟಿನಲ್ಲಿ ಹೋಗುವ ಚೈನುಗಾಲಿಯ ಲಿಫ್ಟ್ ದುಬಾರಿ. ಆದರೂ ಒಣಗಿದ, ಟೊಳ್ಳಾದ ಮರಕ್ಕೆ ಅದನ್ನು ಬಾಡಿಗೆಗಾದರೂ ತನ್ನಿ. ಅಂಥ ಮರಕ್ಕೆ ಹಗ್ಗ ಕಟ್ಟಿ ಜೀವ ಒಪ್ಪಿಸುವುದು ಸರಿಯಲ್ಲ.

ಹೆಜ್ಜೆ 8: ಹಳೆಯದನ್ನು ಕೊಳ್ಳುವಾಗ

ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು ಅಂತ ಮೊದಲೇ ಹೇಳಿ. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಎಂಜಿನ್ ಸುಲಭವಾಗಿ ಚಾಲೂ ಆಗುತ್ತದೆ, ರೋಗ ಮುಚ್ಚಿಹೋಗುತ್ತದೆ. ಗಂಟೆಯ ಮೀಟರ್ ಏನೇ ಹೇಳಲಿ, ಸವೆದ ಜಾಗ ನೋಡಿ: ಹಿಡಿಕೆ, ರೋಲರಿನ ಹಲ್ಲು, ಕೀಲುಗಳ ಸಡಿಲು. ಚಿಪ್ಪರ್ ಆದರೆ ಎಂಜಿನ್ ಆಫ್ ಮಾಡಿ, ಕೀಲಿ ನಿಮ್ಮ ಜೇಬಿನಲ್ಲಿಟ್ಟುಕೊಂಡು, ಮುಚ್ಚಳ ತೆಗೆಸಿ. ಅಲಗಿನ ಅಂಚು ಒಡೆದಿದೆಯೇ, ಇನ್ನು ಎಷ್ಟು ಸಲ ಮಸೆಯುವಷ್ಟು ಉಳಿದಿದೆ, ಎದುರಿನ ಸ್ಥಿರ ಅಲಗಿನ ಅಂಚು ದುಂಡಾಗಿದೆಯೇ ನೋಡಿ. ಅಲ್ಲಿ ಸಂದು ಜಾಸ್ತಿಯಾದರೆ ಚಕ್ಕೆಯ ಬದಲು ಉದ್ದುದ್ದ ಸಿಬಿರು ಬಂದು ಕೊಳವೆ ಕಟ್ಟುತ್ತದೆ. ಹೊಸ ಬಣ್ಣದ ಕೆಳಗೆ ಬೆಸುಗೆ ಹಾಕಿದ ಗುರುತು ಹುಡುಕಿ. ಹೈಡ್ರಾಲಿಕ್ ಪೈಪುಗಳನ್ನು ಬರಿಗೈಯಿಂದ ಸವರಿ ಸೋರಿಕೆ ಹುಡುಕಬೇಡಿ, ಒತ್ತಡದ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಒಂದು ರಟ್ಟು ಹಿಡಿದು ನೋಡಿ.

ಬಿಡಿಭಾಗ ಎಷ್ಟು ದಿನದಲ್ಲಿ ಸಿಗುತ್ತದೆ ಅಂತ ಅಂಗಡಿಗೆ ಫೋನ್ ಮಾಡಿ ಕೇಳಿ. ಎರಡು ವಾರ ಅಂದರೆ ಆ ಯಂತ್ರ ಎಷ್ಟೇ ಅಗ್ಗವಿದ್ದರೂ ಬಿಟ್ಟುಬಿಡಿ.

ಹೆಜ್ಜೆ 9: ತಂದ ಮೇಲೆ

ಮೊದಲ ವಾರ ಹೊಸ ಯಂತ್ರವನ್ನು ಸುಲಭದ ಕೆಲಸಕ್ಕೆ ಮಾತ್ರ ಹಾಕಿ. ಯಾರು ಯಾರು ನಡೆಸಬಹುದು ಅಂತ ಹೆಸರು ಬರೆದಿಡಿ, ಅವರಿಗೆ ತರಬೇತಿ ಕೊಡಿಸಿ. ಎರಡು ಸ್ಟ್ರೋಕ್ ಗರಗಸಕ್ಕೆ 50:1 ಅಂತ ಪುಸ್ತಕದಲ್ಲಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಎಣ್ಣೆ, ಅಳೆದೇ ಹಾಕಬೇಕು. ಕಲೆಸಿದ ದಿನಾಂಕವನ್ನು ಕ್ಯಾನಿನ ಮೇಲೆ ಬರೆಯಿರಿ, ಹಳಸಿದ್ದನ್ನು ಗರಗಸಕ್ಕೆ ಹಾಕಬೇಡಿ. ಹಾರ್ನೆಸ್, ಹಗ್ಗ, ಕಪ್ಪಿಗಳಿಗೆ ಒಂದೊಂದು ನಂಬರ್ ಕೊಟ್ಟು, ಕೊಂಡ ದಿನ ಮತ್ತು ತಪಾಸಣೆಯ ದಿನ ಬರೆದಿಡಿ.

ವಿಮೆಯವರಿಗೆ ಹೊಸ ಯಂತ್ರದ ವಿಷಯ ಮೊದಲ ದಿನವೇ ತಿಳಿಸಿ. ಆಮೇಲೆ ದರದ ಪಟ್ಟಿ ತಿದ್ದಿ. ಯಂತ್ರದ ವರ್ಷದ ಖರ್ಚನ್ನು ಅದು ದುಡಿಯುವ ದಿನಗಳಿಂದ ಭಾಗಿಸಿದರೆ ಬರುವ ಮೊತ್ತ ಆ ಯಂತ್ರದ ದಿನಗೂಲಿ. ಮುಂದಿನ ಕೆಲಸಕ್ಕೆ ದರ ಹೇಳುವಾಗ ಜನರ ಕೂಲಿಯ ಕೆಳಗೆ ಅದನ್ನೂ ಒಂದು ಸಾಲಾಗಿ ಸೇರಿಸಿ.